ಹಡಗಿಗೂ ಒಂದು ಊರಿದೆ: ಸಂಪಾದಕರ ಉತ್ತರ

ಕುಂದಾಪುರದ ಓದುಗರೊಬ್ಬರ ಪತ್ರ: "2025ರ ಜೂನ್‌ನಲ್ಲಿ ಕೇರಳದಾಚೆಯ ಕಡಲಲ್ಲಿ ಬೆಂಕಿ ಹೊತ್ತಿಕೊಂಡ ವಾನ್ ಹೈ 503 ಹಡಗಿನಿಂದ ಪಾರಾದ 18 ಮಂದಿಯನ್ನು ನವ ಮಂಗಳೂರು ಬಂದರಿಗೆ ಕರೆತಂದರು. ಕಂಪನಿ ತೈವಾನಿನದು, ಬಾವುಟ ಸಿಂಗಪುರದ್ದು, ಜನ ಬೇರೆ ಬೇರೆ ದೇಶದವರು ಎಂದು ಓದಿದೆ. ಹಾಗಾದರೆ ಹಡಗು ಯಾವ ದೇಶದ್ದು? ಭಾರತದ ಬಾವುಟ ಹಾಕಬೇಕಾದರೆ ಮಾಲೀಕ ಏನೇನು ಮಾಡಬೇಕು? ಇನ್ನೊಂದು ವಿಷಯ. ನನ್ನ ಅಕ್ಕನ ಮಗನಿಗೆ ಏಜೆಂಟರೊಬ್ಬರು ಹಡಗಿನಲ್ಲಿ ಕೆಲಸ ಕೊಡಿಸಲು ನಾಲ್ಕು ಲಕ್ಷ ಕೇಳಿದ್ದಾರೆ. ಸಂಬಳ ಒಳ್ಳೆಯದಿದ್ದರೆ ಬಾವುಟ ಯಾವುದಾದರೇನು ಎನ್ನುತ್ತಾನೆ ಹುಡುಗ. ಏನು ಹೇಳಲಿ?"

ನಾಲ್ಕು ಲಕ್ಷದ ಮಾತನ್ನು ಮೊದಲು ಮುಗಿಸೋಣ. ಹಣ ಕೊಡಬೇಡಿ. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದಲೇ ದುಡ್ಡು ಪಡೆಯುವುದು ನಮ್ಮ ದೇಶದ ನಿಯಮದಲ್ಲೂ ನಿಷಿದ್ಧ, ಭಾರತ 2015ರಲ್ಲಿ ಅಂಗೀಕರಿಸಿದ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ನಿಷಿದ್ಧ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ನಾವಿಕನ ಗುರುತು ಮತ್ತು ಸೇವೆಯ ದಾಖಲೆಯಾದ ಸಿಡಿಸಿ ಪುಸ್ತಕ ಇವಿಷ್ಟರ ಖರ್ಚನ್ನು ಹುಡುಗನೇ ಹಾಕಬೇಕಾಗಬಹುದು. ವೀಸಾ ಮತ್ತು ಹಡಗು ಸೇರುವ ಪ್ರಯಾಣದ ಖರ್ಚು ಮಾಲೀಕನದು. ಜಾಯಿನಿಂಗ್ ಚಾರ್ಜ್, ಪ್ರಾಸೆಸಿಂಗ್, ಡೆಪಾಸಿಟ್ ಎಂದು ಯಾವ ಹೆಸರಿಟ್ಟು ಕೇಳಿದರೂ ಅದು ಅಕ್ರಮವೇ.

ಇನ್ನು ಬಾವುಟ. ಯಾವ ದೇಶದ ರಿಜಿಸ್ಟರಿನಲ್ಲಿ ಹಡಗಿನ ಹೆಸರಿದೆಯೋ ಹಡಗು ಆ ದೇಶದ್ದು. ತೆರೆದ ಸಮುದ್ರದಲ್ಲಿ ಅದರ ಮೇಲೆ ನಡೆಯುವುದು ಆ ದೇಶದ ಕಾನೂನು. ಮಾಲೀಕನ ದೇಶದ್ದೂ ಅಲ್ಲ, ನಾವಿಕನ ದೇಶದ್ದೂ ಅಲ್ಲ. ಹಡಗಿಗೂ ಬಾವುಟದ ದೇಶಕ್ಕೂ ನಿಜವಾದ ನಂಟು ಇರಬೇಕು ಎನ್ನುತ್ತದೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 91ನೇ ವಿಧಿ. ಆ ದೇಶದ ಹೊಣೆಯನ್ನು 94ನೇ ವಿಧಿ ಹೇಳುತ್ತದೆ: ಹಡಗು ಸಮುದ್ರಕ್ಕೆ ಯೋಗ್ಯವಾಗಿದೆಯೇ, ಸಾಕಷ್ಟು ತರಬೇತಾದ ಜನ ಇದ್ದಾರೆಯೇ ಎಂದು ನೋಡುವುದು, ದೊಡ್ಡ ಅವಘಡವಾದರೆ ತನಿಖೆ ನಡೆಸುವುದು. ವಾನ್ ಹೈ ಪ್ರಕರಣದಲ್ಲಿ ತನಿಖೆಯ ಮಾತು ಬಂದಾಗ ಸಿಂಗಪುರದ ಹೆಸರು ಕೇಳಿಬಂದದ್ದು ಈ ಕಾರಣಕ್ಕೆ.

ಯಾರಿಗೆ ಬೇಕಾದರೂ ತಮ್ಮ ಬಾವುಟ ಕೊಡುವ ದೇಶಗಳಿವೆ. ಹಡಗುಗಳ ಒಟ್ಟು ಗಾತ್ರದ ಲೆಕ್ಕದಲ್ಲಿ ಇಂದು ಮುಂದಿರುವುದು ಲೈಬೀರಿಯಾ, ಪನಾಮ, ಮಾರ್ಷಲ್ ದ್ವೀಪಗಳು. ಇಂಥ ಬಾವುಟವೆಂದ ಮಾತ್ರಕ್ಕೆ ಹಡಗು ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಚೆನ್ನಾಗಿ ಇಟ್ಟುಕೊಂಡ ಸಾವಿರಾರು ಹಡಗುಗಳು ಈ ಬಾವುಟಗಳಡಿ ಓಡುತ್ತಿವೆ, ನಮ್ಮ ಹುಡುಗರು ಅವುಗಳಲ್ಲಿ ಗೌರವದಿಂದ ದುಡಿಯುತ್ತಿದ್ದಾರೆ. ಕಷ್ಟ ಬಂದಾಗ ಫೋನ್ ಎತ್ತುವವರೇ ಇಲ್ಲದ ಬಾವುಟಗಳ ಬಗ್ಗೆ ಮಾತ್ರ ಭಯಪಡಬೇಕು.

ಭಾರತದಲ್ಲಿ ನೋಂದಣಿ ಆರು ದಶಕಕ್ಕೂ ಹೆಚ್ಚು ಕಾಲ ನಡೆದದ್ದು 1958ರ ವ್ಯಾಪಾರಿ ಹಡಗು ಕಾಯ್ದೆಯ ಚೌಕಟ್ಟಿನಲ್ಲಿ. ಹಡಗು ಪೂರ್ತಿಯಾಗಿ ಭಾರತೀಯ ಪ್ರಜೆಯದೋ ಭಾರತೀಯ ಕಂಪನಿಯದೋ ಸಹಕಾರಿ ಸಂಘದ್ದೋ ಆಗಿರಬೇಕಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ ಈ ಬಿಗಿಯನ್ನು ಸಡಿಲಿಸಿ, ಭಾಗಶಃ ಭಾರತೀಯ ಒಡೆತನಕ್ಕೂ, ಬಾಡಿಗೆ ಕಟ್ಟುತ್ತ ಕೊನೆಗೆ ಹಡಗನ್ನು ಸ್ವಂತ ಮಾಡಿಕೊಳ್ಳುವ ಒಪ್ಪಂದಕ್ಕೂ ದಾರಿ ತೆರೆದಿದೆ. ಕೈಯಲ್ಲಿ ಪೂರ್ತಿ ಬಂಡವಾಳ ಇಲ್ಲದ ಸಣ್ಣ ಮಾಲೀಕರಿಗೆ ಇದು ಬಹಳ ಹಿಂದೆಯೇ ಬೇಕಿತ್ತು.

ಕೆಲಸದ ಕ್ರಮ ಹೀಗಿದೆ. ಮಾಲೀಕ ಮೊದಲು ಹೆಸರಿಗೆ ಒಪ್ಪಿಗೆ ಪಡೆದು, ಯಾವ ಬಂದರಿನಲ್ಲಿ ನೋಂದಾಯಿಸುವುದೆಂದು ಗೊತ್ತುಮಾಡುತ್ತಾನೆ. ಹಡಗಿಗೆ ಅಧಿಕೃತ ಸಂಖ್ಯೆ ಮತ್ತು ರೇಡಿಯೋ ಕರೆಸಂಕೇತ ಸಿಗುತ್ತದೆ. ಸರ್ವೇಯರ್ ಬಂದು ಟನ್ನೇಜ್ ಅಳೆಯುತ್ತಾನೆ. ಟನ್ನೇಜ್ ಎಂದರೆ ತೂಕವಲ್ಲ, ಹಡಗಿನ ಒಳಜಾಗದ ಲೆಕ್ಕ. ಬಂದರು ಶುಲ್ಕದಿಂದ ಹಿಡಿದು ಎಷ್ಟು ಅಧಿಕಾರಿಗಳು ಬೇಕು ಎಂಬುದರವರೆಗೆ ಎಲ್ಲವೂ ಇದರ ಮೇಲೆ ನಿಂತಿದೆ. ಒಡೆತನದ ಘೋಷಣೆಯ ಜೊತೆಗೆ ಹೊಸ ಹಡಗಾದರೆ ಕಟ್ಟಿದವರ ಪ್ರಮಾಣಪತ್ರ, ಹಳೆಯದಾದರೆ ಬಿಲ್ ಆಫ್ ಸೇಲ್ (ಮಾರಾಟ ಪತ್ರ) ಮತ್ತು ಹಿಂದಿನ ದೇಶದ ರಿಜಿಸ್ಟರಿನಿಂದ ಹೆಸರು ತೆಗೆದ ಪತ್ರ ಕೊಡಬೇಕು. ನಂತರ ಗುರುತು ಹಾಕುವುದು: ಮುಂಭಾಗದ ಎರಡೂ ಬದಿಗೆ ಹೆಸರು, ಹಿಂಭಾಗದಲ್ಲಿ ಹೆಸರಿನ ಜೊತೆ ನೋಂದಣಿ ಬಂದರಿನ ಹೆಸರು. ಅಕ್ಷರದ ಉದ್ದ 10 ಸೆಂಟಿಮೀಟರಿಗೆ ಕಡಿಮೆ ಇರುವಂತಿಲ್ಲ. ಕಪ್ಪು ನೆಲದ ಮೇಲೆ ಬಿಳಿ ಅಥವಾ ಹಳದಿ, ತಿಳಿ ನೆಲದ ಮೇಲೆ ಕಪ್ಪು. ಅಧಿಕೃತ ಸಂಖ್ಯೆ ಮತ್ತು ಟನ್ನೇಜನ್ನು ಮುಖ್ಯ ತೊಲೆಯಲ್ಲಿ ಕೊರೆಯಬೇಕು. ಸರ್ವೇಯರ್ ಇದನ್ನೆಲ್ಲ ಕಣ್ಣಾರೆ ಕಂಡು ಸಹಿ ಹಾಕಿದ ಮೇಲೆಯೇ ರಿಜಿಸ್ಟ್ರಾರ್ ಪ್ರಮಾಣಪತ್ರ ಕೊಡುವುದು. ಹಿಂಭಾಗದಲ್ಲಿ ಬರೆದ ಆ ಬಂದರೇ ಹಡಗಿನ ಊರು. ಅದು ಮುಂಬೈ ಎಂದಿದ್ದರೆ, ಹಡಗು ಹುಟ್ಟಿದ್ದು ಕೊರಿಯಾದಲ್ಲಾದರೂ, ಅದರ ಮೇಲೆ ಹಾರುವುದು ನಮ್ಮ ಬಾವುಟ.

ಎಡವುವುದು ಸಾಮಾನ್ಯವಾಗಿ ಹಳೆ ಹಡಗಿನ ಖರೀದಿಯಲ್ಲಿ. ಹಿಂದಿನ ಮಾಲೀಕನ ಬ್ಯಾಂಕ್ ಸಾಲ ತೀರದೆ ಅಲ್ಲಿನ ರಿಜಿಸ್ಟ್ರಾರ್ ಹೆಸರು ತೆಗೆಯುವುದಿಲ್ಲ. ಅಲ್ಲಿ ತೆಗೆಯದೆ ಇಲ್ಲಿ ಸೇರಿಸುವಂತಿಲ್ಲ. ಹಣ ಕೈ ಬದಲಾಗಿ ಪತ್ರ ಬಾರದಿದ್ದರೆ ಹಡಗು ಲಂಗರಿನಲ್ಲೇ ನಿಂತು ದಿನದಿನವೂ ಖರ್ಚು ತಿನ್ನುತ್ತದೆ. ಬಿಲ್ ಆಫ್ ಸೇಲ್‌ನಲ್ಲಿ ಕಂಪನಿಯ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ಕಡತ ವಾಪಸಾಗುತ್ತದೆ. ವಿದೇಶದಲ್ಲಿ ಕೊಂಡ ಹಡಗಿಗೆ ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿ ತಾತ್ಕಾಲಿಕ ಪ್ರಮಾಣಪತ್ರ ಕೊಡಬಹುದು. 1958ರ ಕಾಯ್ದೆಯಲ್ಲಿ ಅದರ ಆಯಸ್ಸು 6 ತಿಂಗಳು ಅಥವಾ ರಿಜಿಸ್ಟ್ರಾರ್ ಇರುವ ಭಾರತೀಯ ಬಂದರು ತಲುಪುವವರೆಗೆ, ಯಾವುದು ಮೊದಲೋ ಅದು. (ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ಲೆಕ್ಕ ಬೇರೆ. ಹಾಯಿನೌಕೆಗಳಿಗೆ ಕಾಯ್ದೆಯಲ್ಲಿ ಪ್ರತ್ಯೇಕ ಭಾಗವೇ ಇತ್ತು.)

ಬಾವುಟ ಸಿಕ್ಕ ಮೇಲೆ ಜನ. ಕನಿಷ್ಠ ಎಷ್ಟು ಮಂದಿ, ಯಾವ ಯಾವ ದರ್ಜೆಯವರು ಇಲ್ಲದೆ ಹಡಗು ಹೊರಡುವಂತಿಲ್ಲ ಎಂದು ಬಾವುಟದ ದೇಶವೇ ಬರೆದುಕೊಡುತ್ತದೆ. ಇದಕ್ಕೆ ಸೇಫ್ ಮ್ಯಾನಿಂಗ್ ಪತ್ರ ಎನ್ನುತ್ತಾರೆ. ಇದು ಹಡಗನ್ನು ಸುರಕ್ಷಿತವಾಗಿ ನಡೆಸಲು ಬೇಕಾದ ಸಂಖ್ಯೆ. ತುಕ್ಕು ಕೆರೆದು ಬಣ್ಣ ಬಳಿಯಲು, ಸರಕು ತುಂಬುವ ಹೋಲ್ಡ್ ತೊಳೆಯಲು ಬೇಕಾದ ಜನ ಇದರಲ್ಲಿ ಇಲ್ಲ. ಒಳ್ಳೆಯ ಮಾಲೀಕ ಅದಕ್ಕಿಂತ ಹೆಚ್ಚು ಜನ ಇಡುತ್ತಾನೆ. ಕೆಟ್ಟವನಿಗೆ ಕನಿಷ್ಠವೇ ಗರಿಷ್ಠ.

ಅದರ ಪೆಟ್ಟು ಬೀಳುವುದು ನಿದ್ದೆಯ ಮೇಲೆ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕೆಂಬುದು ನಿಯಮ. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡಾದರೂ 6 ಗಂಟೆ ಇರಬೇಕು. ವಾಚ್, ಅಂದರೆ ಹಡಗು ನಡೆಸುವ ಪಾಳಿ, ನೋಡಿಕೊಳ್ಳಲು ಮೂವರು ಅಧಿಕಾರಿಗಳಿದ್ದರೆ 4 ಗಂಟೆ ಕೆಲಸ, 8 ಗಂಟೆ ಬಿಡುವು, ಲೆಕ್ಕ ಸರಿಹೋಗುತ್ತದೆ. ಸಣ್ಣ ಹಡಗಿನಲ್ಲಿ ಇಬ್ಬರೇ ಇದ್ದರೆ 6 ಗಂಟೆ ಕೆಲಸ, 6 ಗಂಟೆ ಬಿಡುವು. ಕಾಗದದಲ್ಲಿ 12 ಗಂಟೆ ವಿಶ್ರಾಂತಿ ಕಾಣುತ್ತದೆ. ಆದರೆ ಊಟ, ಸ್ನಾನ, ವಾಚ್ ಒಪ್ಪಿಸುವುದು ಎಲ್ಲ ಆ ಆರು ಗಂಟೆಯೊಳಗೇ ಆಗಬೇಕು. ನಡುವೆ ಬಂದರು ಬಂದು ಹಗ್ಗ ಕಟ್ಟಲು ಕರೆದರೆ ಆರು ಗಂಟೆಯ ತುಂಡು ಒಡೆಯಿತು, ನಿಯಮವೂ ಮುರಿಯಿತು. ಆಗ ವಿಶ್ರಾಂತಿಯ ದಾಖಲೆಯಲ್ಲಿ ಸುಳ್ಳು ಬರೆಯುವಂತೆ ಒತ್ತಡ ಬರುತ್ತದೆ. ಮೊದಲ ಸಲ ಹೋಗುವ ಹುಡುಗನಿಗೆ ಇದನ್ನು ಮೊದಲೇ ಹೇಳಿಡಬೇಕು.

ನಿಮ್ಮ ಅಕ್ಕನ ಮಗನ ಕಾಗದಗಳಿಗೆ ಬರೋಣ. ಹತ್ತನೇ ತರಗತಿ ಮುಗಿಸಿದವನಾದರೆ ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿಜಿ ಶಿಪ್ಪಿಂಗ್ ಅನುಮೋದಿಸಿದ ಸಂಸ್ಥೆಯಲ್ಲಿ 6 ತಿಂಗಳ ಜಿಪಿ ರೇಟಿಂಗ್ (ಡೆಕ್ ಮತ್ತು ಎಂಜಿನ್ ಎರಡೂ ಕಡೆ ದುಡಿಯುವ ಸಾಮಾನ್ಯ ನಾವಿಕ) ತರಬೇತಿ, ಜೊತೆಗೆ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ ಮೊದಲಾದ ಮೂಲ ಕೋರ್ಸುಗಳು. ನಾವಿಕನ ಗುರುತಿನ ಇಂಡೋಸ್ ಸಂಖ್ಯೆ, ಆಮೇಲೆ ಸಿಡಿಸಿ. ಇವ್ಯಾವುವೂ ಬೇಡ, ಬೇರೆ ದೇಶದ ಸಿಡಿಸಿ ಹದಿನೈದು ದಿನದಲ್ಲಿ ಮಾಡಿಸುತ್ತೇನೆ, ಟೂರಿಸ್ಟ್ ವೀಸಾದಲ್ಲಿ ಹೊರಟುಬಿಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ. ಏಜೆಂಟರಿಗೆ ನಾವಿಕರನ್ನು ಕೆಲಸಕ್ಕೆ ಸೇರಿಸಲು ಬೇಕಾದ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ಅದರ ಸಂಖ್ಯೆ ಕೇಳಿ, ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ಚಾಲ್ತಿಯಲ್ಲಿದೆಯೇ ನೋಡಿ. ಪರವಾನಗಿ ಇರುವ ಕಂಪನಿಯ ಹೆಸರನ್ನೇ ಕದ್ದು ಬಳಸುವವರೂ ಇರುವುದರಿಂದ ಆ ಕಚೇರಿಗೇ ನೇರವಾಗಿ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ನಂತರ ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ ಕೇಳಿ. ಹೆಸರು, ಬಾವುಟ, ಮಾಲೀಕ ಎಷ್ಟು ಸಲ ಬದಲಾದರೂ ಈ ಏಳಂಕಿ ಬದಲಾಗುವುದಿಲ್ಲ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ ಮೊತ್ತದ ಕೊನೆಯ ಅಂಕಿಯೇ ಏಳನೆಯದು. 9074729 ತೆಗೆದುಕೊಳ್ಳಿ: 63, 0, 35, 16, 21, 4 ಕೂಡಿದರೆ 139; ಕೊನೆಯ ಅಂಕಿ 9. ಲೆಕ್ಕ ತಪ್ಪಿದರೆ ಸಂಖ್ಯೆ ಕಟ್ಟುಕತೆ. ಸರಿಬಂದರೆ ಹಡಗುಗಳ ಜಾಡು ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಹಾಕಿ, ಹಡಗಿನ ರೇಡಿಯೋ ಗುರುತಾದ ಎಂಎಂಎಸ್‌ಐ ಸಂಖ್ಯೆಯ ಮೊದಲ ಮೂರಂಕಿ ನೋಡಿ. 419 ಭಾರತ, 636 ಲೈಬೀರಿಯಾ, 538 ಮಾರ್ಷಲ್ ದ್ವೀಪಗಳು, 563ರಿಂದ 566 ಸಿಂಗಪುರ. ಏಜೆಂಟ್ ಹೇಳಿದ ಬಾವುಟಕ್ಕೂ ಈ ಅಂಕಿಗೂ ತಾಳೆಯಾಗದಿದ್ದರೆ, ಅಥವಾ ಕೆಲವೇ ತಿಂಗಳಲ್ಲಿ ಬಾವುಟ ಎರಡು ಮೂರು ಸಲ ಬದಲಾಗಿದ್ದರೆ ಹುಡುಗನನ್ನು ಕಳಿಸಬೇಡಿ. ಯಾವ ದೇಶದ ರಿಜಿಸ್ಟರಿನಲ್ಲೂ ಇಲ್ಲದೆ ಸುಳ್ಳು ಬಾವುಟ ಹಾಕಿಕೊಂಡು ಓಡುವ ಹಡಗುಗಳು ಈಗ ಹೆಚ್ಚಾಗಿವೆ. ಅಂಥ ಹಡಗಿಗೆ ಕಾನೂನೂ ಇಲ್ಲ, ನಂಬಬಹುದಾದ ವಿಮೆಯೂ ಇಲ್ಲ.

ಹುಡುಗನ ಮಾತಿನಲ್ಲಿ ಒಂದಿಷ್ಟು ನಿಜವಿದೆ, ಅದನ್ನೂ ಹೇಳಬೇಕು. ಭಾರತದ ಬಂದರುಗಳ ನಡುವೆಯೇ ಓಡುವ ಹಡಗಿನಲ್ಲಿ ದುಡಿದ ದಿನಗಳು ಭಾರತದಲ್ಲಿ ಕಳೆದ ದಿನಗಳಾಗಿಯೇ ಎಣಿಕೆಯಾಗುತ್ತವೆ. ಆದಾಯ ತೆರಿಗೆಯಲ್ಲಿ ಅನಿವಾಸಿಯ ಅನುಕೂಲ ಸಿಗುವುದಿಲ್ಲ. ವಿದೇಶಿ ಹಡಗಿನ ಆಸೆಗೆ ಇದು ದೊಡ್ಡ ಕಾರಣ. ಆದರೆ ತೆರಿಗೆ ಉಳಿಯಬೇಕಾದರೆ ಮೊದಲು ಸಂಬಳ ಕೈಗೆ ಬರಬೇಕಲ್ಲ?

ಹೊರಡುವ ಮುನ್ನ ಉದ್ಯೋಗ ಒಪ್ಪಂದದ ಸಹಿಯಾದ ಪ್ರತಿಯೊಂದು ಮನೆಯಲ್ಲಿ ಇರಲಿ. ಅದರಲ್ಲಿ ಹಡಗಿನ ಹೆಸರು, ಸಂಬಳ, ಅವಧಿ, ಮನೆಗೆ ವಾಪಸು ಕಳಿಸುವ ಹೊಣೆ ಯಾರದು ಎಂಬುದು ಸ್ಪಷ್ಟವಾಗಿ ಇರಬೇಕು. ಹಡಗು ಹತ್ತಿದ ದಿನವೇ ಊಟದ ಕೋಣೆಯ ಬಳಿಯ ಗೋಡೆ ನೋಡಲು ಹೇಳಿ. ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ ಎರಡು ವಿಮಾ ಪತ್ರಗಳನ್ನು ನಾವಿಕರಿಗೆ ಕಾಣುವಂತೆ ಹಾಕಿರಬೇಕು: ಒಂದು ಮಾಲೀಕ ಕೈಬಿಟ್ಟರೆ ಊರಿಗೆ ಕಳಿಸಲು, ಇನ್ನೊಂದು ಸಾವು ಅಥವಾ ಅಂಗವೈಕಲ್ಯಕ್ಕೆ ಪರಿಹಾರ ಕೊಡಲು. ಎರಡರ ಫೋಟೋವನ್ನೂ ಮನೆಗೆ ಕಳಿಸಲಿ. ಕನಿಷ್ಠ ಎರಡು ತಿಂಗಳ ಸಂಬಳ ಬಾರದೆ ಮಾಲೀಕ ಸಂಪರ್ಕಕ್ಕೇ ಸಿಗದಿದ್ದರೆ ಅದನ್ನು ಕೈಬಿಟ್ಟಂತೆ ಎಂದೇ ಲೆಕ್ಕ. ಆಗ ಪತ್ರದಲ್ಲಿರುವ ವಿಮಾದಾರರಿಗೆ ನಾವಿಕನೇ ನೇರವಾಗಿ ಬರೆಯಬಹುದು. ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ, ನೀರು, ಊರಿನ ಟಿಕೆಟ್ ಅವರ ಹೊಣೆ. ಜೊತೆಗೆ ಡಿಜಿ ಶಿಪ್ಪಿಂಗ್‌ಗೂ ಹತ್ತಿರದ ಭಾರತೀಯ ದೂತಾವಾಸಕ್ಕೂ ಅದೇ ದಿನ ಇಮೇಲ್ ಹೋಗಲಿ. ಆರನೇ ತಿಂಗಳವರೆಗೆ ಕಾದು ಬರೆದರೆ ಕೊನೆಯ ಎರಡು ತಿಂಗಳ ದುಡಿಮೆ ವಿಮೆಯ ಲೆಕ್ಕದಿಂದ ಹೊರಗೇ ಉಳಿಯುತ್ತದೆ.