ಕೆತ್ತನೆಯ ಗಂಟೆಗಳು ಎಲ್ಲಿ ಹೋಗುತ್ತವೆ

ಪರದೇಶದ ಮರಗೆಲಸದ ಕಾರ್ಖಾನೆಗೆ ಸೇರಿ ಎರಡು ತಿಂಗಳಾಯಿತು, ಇಲ್ಲಿಯ ಬದುಕಿಗೆ ಹೊಂದಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು 400 ಮಿ.ಮೀ. ಉದ್ದ, 300 ಮಿ.ಮೀ. ಅಗಲದ ಆ ಹೂಬಳ್ಳಿಯ ಫಲಕ ಎಂಬುದು ನೀವು ಬರೆದ ರೀತಿಯಿಂದಲೇ ತಿಳಿಯುತ್ತದೆ. ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ರೂಟರ್ ಯಂತ್ರದಲ್ಲಿ ಅದಕ್ಕೆ ಐದು ಗಂಟೆ ಹಿಡಿಯುತ್ತಿದೆ, ಮೇಲ್ವಿಚಾರಕರು ಸಮಯ ಇಳಿಸಿ ಎನ್ನುತ್ತಿದ್ದಾರೆ. ನಾನೂ ಹೊಸಬನಾಗಿ ಬಂದಾಗ ಇದೇ ಮಾತನ್ನು ಕೇಳಿದವನು. ಆದ್ದರಿಂದ ಫಲಕದ ವಿಷಯವನ್ನೇ ಬರೆಯುತ್ತೇನೆ. ಇಲ್ಲಿ ಯಂತ್ರದ ಸಮಯ ಎಲ್ಲಿ ಹೋಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಬಲ್ಲವನ ಮಾತಿಗೆ ಬೆಲೆ ತಾನಾಗಿ ಬರುತ್ತದೆ.

ಮೊದಲು ಒಂದು ಎಚ್ಚರಿಕೆ. ಅವಸರಕ್ಕೆ ಬಿದ್ದು ಫೀಡ್ ಅನ್ನು (ಕೆತ್ತುವ ಮೊನೆಯಾದ ಬಿಟ್ ಸಾಗುವ ವೇಗವನ್ನು) ಶೇ. 150ಕ್ಕೆ ಏರಿಸಬೇಡಿ. ನಾನು ಹಾಗೆ ಮಾಡಿ ಒಂದು ಸಣ್ಣ ಬಿಟ್ ಮುರಿದೆ, ಎಲೆಯ ತುದಿಯೊಂದು ಹಾರಿಹೋಯಿತು, ಸಮಯ ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ಉಬ್ಬು ಕೆತ್ತನೆಯ ಟೂಲ್‌ಪಾತ್ (ಬಿಟ್ ಸಾಗುವ ದಾರಿ) ಎಂದರೆ ಸಾವಿರಾರು ತುಣುಕು ಗೆರೆಗಳು. ಒಂದೊಂದು ಏರಿಳಿತದಲ್ಲೂ ಯಂತ್ರ ನಿಧಾನಿಸಿ ಮತ್ತೆ ವೇಗ ಹಿಡಿಯಬೇಕಾಗುವುದರಿಂದ, ನೀವು ಬರೆದಿಟ್ಟ ಫೀಡ್ ಅನ್ನು ಅದು ಬಹುಪಾಲು ಮುಟ್ಟುವುದೇ ಇಲ್ಲ.

ಈಗ ನಿಮ್ಮ ಲೆಕ್ಕವನ್ನೇ ನೋಡೋಣ. ಕೊನೆಯ ನಯಗೆಲಸವಾದ ಫಿನಿಶಿಂಗ್‌ಗೆ 3 ಮಿ.ಮೀ. ಬಾಲ್‌ನೋಸ್ (ದುಂಡು ತುದಿಯ ಬಿಟ್), 0.3 ಮಿ.ಮೀ. ಸ್ಟೆಪ್‌ಓವರ್ (ಗೆರೆಯಿಂದ ಗೆರೆಗೆ ಇರುವ ಅಂತರ), ನಿಮಿಷಕ್ಕೆ 2000 ಮಿ.ಮೀ. ಫೀಡ್ ಇಟ್ಟಿದ್ದೀರಿ. ಅಂದರೆ 300 ಮಿ.ಮೀ. ಅಗಲದಲ್ಲಿ 1000 ಗೆರೆಗಳು, ಒಂದೊಂದೂ 400 ಮಿ.ಮೀ.; ಒಟ್ಟು 400 ಮೀಟರ್ ಪಯಣ, 200 ನಿಮಿಷ. ಮೊದಲ ಒರಟು ಕೆತ್ತನೆಯಾದ ರಫಿಂಗ್ ಮತ್ತು ಯಂತ್ರದ ನಿಧಾನ ಸೇರಿ ಐದು ಗಂಟೆಯಾಗಿದೆ. ಹಾಗಾಗಿ ಕೈ ಹಾಕಬೇಕಾದದ್ದು ಈ ಗೆರೆಗಳ ಸಂಖ್ಯೆಗೆ.

ಎರಡು ಗೆರೆಗಳ ನಡುವೆ ಉಳಿಯುವ ಏಣಿನ ಎತ್ತರ, ಸ್ಟೆಪ್‌ಓವರ್‌ನ ವರ್ಗವನ್ನು ಬಿಟ್ಟಿನ ವ್ಯಾಸದ ನಾಲ್ಕರಷ್ಟರಿಂದ ಭಾಗಿಸಿದಷ್ಟು ಇರುತ್ತದೆ. ನಿಮ್ಮ ಫಲಕದಲ್ಲಿ ಅದು 0.0075 ಮಿ.ಮೀ. ಮರಕ್ಕೆ ಇಷ್ಟು ನಯ ಅನವಶ್ಯಕ. 6 ಮಿ.ಮೀ. ಬಾಲ್‌ನೋಸ್ ಹಾಕಿ ಸ್ಟೆಪ್‌ಓವರ್ ಅನ್ನು 0.6 ಮಾಡಿದರೆ ಏಣು 0.015 ಮಿ.ಮೀ. ಆಗುತ್ತದೆ, ಸ್ಯಾಂಡ್‌ಪೇಪರ್ ಒಂದೆರಡು ಸಲ ಆಡಿಸಿದರೆ ಮಾಯವಾಗುತ್ತದೆ. ಗೆರೆಗಳು 500ಕ್ಕೆ, ಲೆಕ್ಕದ ಸಮಯ 100 ನಿಮಿಷಕ್ಕೆ ಇಳಿಯುತ್ತದೆ. ದೊಡ್ಡ ಬಿಟ್ ಹೋಗಲಾರದ ದಳಗಳ ಸಂದುಗಳಿಗೆ ಮಾತ್ರ ಗಡಿ ಹಾಕಿ, ಅಲ್ಲಿಗಷ್ಟೇ ಸಣ್ಣ ಮೊನಚು ಬಿಟ್ಟನ್ನು ಕಳುಹಿಸಿ.

ಬಳ್ಳಿಯ ಹಿಂದಿನ ಚಪ್ಪಟೆ ನೆಲವನ್ನೂ ಬಾಲ್‌ನೋಸ್‌ನಿಂದಲೇ ಉಜ್ಜಿಸುತ್ತಿದ್ದೀರಿ ಎಂದು ಕಾಣುತ್ತದೆ. ಆ ನೆಲ ಫಲಕದ ಮೂರನೇ ಒಂದು ಭಾಗವಿದ್ದರೆ, 12 ಮಿ.ಮೀ. ಚಪ್ಪಟೆ ತಳದ ಬಿಟ್ 5 ಮಿ.ಮೀ. ಸ್ಟೆಪ್‌ಓವರ್‌ನಲ್ಲಿ ಅದೇ ಫೀಡ್‌ಗೆ ಅದನ್ನು ಸುಮಾರು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ಎಲೆಗಳ ಅಂಚಿನ ಇಕ್ಕಟ್ಟನ್ನಷ್ಟೇ ಸಣ್ಣ ಬಿಟ್ಟಿಗೆ ಬಿಟ್ಟರಾಯಿತು. ನಾನು ಕಂಡ ಉಳಿತಾಯಗಳಲ್ಲಿ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ, ಹೊಸಬರು ಬಿಟ್ಟುಬಿಡುವುದೂ ಇದನ್ನೇ.

ಗೆರೆಗಳನ್ನು ಉದ್ದದ ಬದಿಗೆ, ಸಾಧ್ಯವಾದರೆ ನಾರಿನ ಜಾಡಿಗೆ ಹೊಂದಿಸಿ ಹಾಯಿಸಿ. ತಿರುವುಗಳು ಕಡಿಮೆಯಾಗುತ್ತವೆ, ಮೇಲ್ಮೈಯಲ್ಲಿ ನಾರು ಏಳುವುದೂ ತಗ್ಗುತ್ತದೆ. ಆದರೆ ಹೆಚ್ಚಿನ ಯಂತ್ರಗಳಲ್ಲಿ ಮೇಲೆ ಕೆಳಗೆ ಚಲಿಸುವ ಝಡ್ ಅಕ್ಷವೇ ನಿಧಾನ. ಬಳ್ಳಿಯ ಏರಿಳಿತಗಳು ಉದ್ದಕ್ಕೂ ಅಡ್ಡ ಬರುವಂತಿದ್ದರೆ ಎರಡು ದಿಕ್ಕಿನಲ್ಲೂ ಒಂದು ಸಣ್ಣ ತುಂಡು ಕೆತ್ತಿ, ಗಡಿಯಾರ ನೋಡಿ ತೀರ್ಮಾನಿಸಿ. ಕೆತ್ತದೆ ಸಾಗುವಾಗ ಬಿಟ್ ಮೇಲೇಳುವ ಸುರಕ್ಷಿತ ಎತ್ತರವನ್ನು 25 ಮಿ.ಮೀ.ನಿಂದ 5ಕ್ಕೆ ಇಳಿಸಿ, ದಾರಿಯಲ್ಲಿ ಮರ ಹಿಡಿದಿಡುವ ಕ್ಲ್ಯಾಂಪ್ ಇಲ್ಲದಿದ್ದರೆ ಮಾತ್ರ.

ಇಷ್ಟಾದ ಮೇಲೆ ಫೀಡ್ ಮುಟ್ಟಬಹುದು. ರಫಿಂಗ್ ನಡೆಯುವಾಗ ಬೀಳುವ ಪುಡಿಯನ್ನು ಬೆರಳಲ್ಲಿ ಹಿಡಿದು ನೋಡಿ. ಹಿಟ್ಟಿನ ಹಾಗೆ ನುಣ್ಣಗಿದ್ದು, ಮರದ ಮೇಲೆ ಕಂದು ಸುಟ್ಟಗೆರೆ ಕಂಡರೆ, ಬಿಟ್ ಕತ್ತರಿಸುತ್ತಿಲ್ಲ, ಉಜ್ಜುತ್ತಿದೆ. ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತ ನಿಮಿಷಕ್ಕೆ 2000 ಮಿ.ಮೀ. ಸಾಗಿದರೆ ಅಲಗೊಂದಕ್ಕೆ ಸಿಗುವುದು ಸುಮಾರು 0.056 ಮಿ.ಮೀ. ಮರ, 3600 ಮಿ.ಮೀ. ಸಾಗಿದರೆ 0.1. ಮರ ಗಟ್ಟಿಯಾಗಿ ಹಿಡಿದಿದ್ದು, ಯಂತ್ರ ನಡುಗದಿದ್ದರೆ ಅತ್ತ ಮೆಲ್ಲಗೆ ಏರಿಸಿ. ನಡುಗಿದರೆ ಬಿಟ್ ತಿರುಗಿಸುವ ಸ್ಪಿಂಡಲ್‌ನ ಸುತ್ತನ್ನೇ ಇಳಿಸಿ.

ಉಳಿಯಲ್ಲಿ ನಿಮ್ಮ ಕೈ ಪಳಗಿದೆ, ಇಲ್ಲಿ ಅದು ಯಾರಿಗೂ ಬೇಡವಾಗಿದೆ ಎಂದು ನೊಂದು ಬರೆದಿದ್ದೀರಿ. ಎಲೆ ಕೂಡುವ ಚೂಪು ಮೂಲೆಗಳಿಗೆ 1 ಮಿ.ಮೀ. ಬಿಟ್ ಹಾಕಿದರೆ ಯಂತ್ರ ಇನ್ನಷ್ಟು ಹೊತ್ತು ತೆವಳುತ್ತದೆ, ಆದರೂ ಮೂಲೆ ದುಂಡಗೇ ಉಳಿಯುತ್ತದೆ. ಆ ಹಂತವನ್ನು ಯಂತ್ರದ ಪ್ರೋಗ್ರಾಂನಿಂದ ತೆಗೆದುಹಾಕಿ, ಮೇಲ್ವಿಚಾರಕರ ಎದುರಿಗೇ ಆ ಮೂಲೆಗಳನ್ನು ಉಳಿಯಿಂದ ತೀಡಿ ತೋರಿಸಿ. ಅಷ್ಟರಲ್ಲಿ ಯಂತ್ರದ ಮೇಲೆ ಮುಂದಿನ ಫಲಕ ಏರಿರಲಿ.