ಕಿಡ್ನಿ ಕಲ್ಲು ಹುಡುಕಿದಾಗ ಸಿಕ್ಕ ಗಡ್ಡೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರ ಮನೆ. ತಾಯಿಗೆ 55 ದಾಟಿದೆ, ಬಿಪಿ ಇದೆ. ಕಿಡ್ನಿ ಕಲ್ಲಿಗೆಂದು ಸಿಟಿ ಸ್ಕ್ಯಾನ್ ಮಾಡಿಸಿದರೆ, ಎಡಗಡೆ ಅಡ್ರಿನಲ್ ಗ್ರಂಥಿಯಲ್ಲಿ 2.2 ಸೆಂ.ಮೀ. ಗಡ್ಡೆ ಅಂತ ರಿಪೋರ್ಟ್ ಬಂತು. ಮಗ ಮೊಬೈಲಿನಲ್ಲಿ ಹುಡುಕಿ ಕ್ಯಾನ್ಸರ್ ಎಂದೇ ತೀರ್ಮಾನಿಸಿಬಿಟ್ಟ. ಅಮ್ಮನಿಗೆ ಹೇಳದೆ, ಆಪರೇಷನ್ ಖರ್ಚಿಗೆಂದು ಹಿಪ್ಪುನೇರಳೆ ತೋಟಕ್ಕೆ ಗಿರಾಕಿ ಹುಡುಕುತ್ತಿದ್ದ. ಮಗ ಸಾಲದಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ಅಮ್ಮ ಊಟ ಬಿಟ್ಟಿದ್ದರು.

ರಿಪೋರ್ಟನ್ನು ಅವನ ಜೊತೆ ಕೂತು ಓದಿದೆ. ಅಡ್ರಿನಲ್ ಅಂದರೆ ಕಿಡ್ನಿ ಮೇಲೆ ಕೂತಿರುವ ಚಿಕ್ಕ ಹಾರ್ಮೋನ್ ಗ್ರಂಥಿ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಇಂಥ ಗಡ್ಡೆ ಸಿಗುವುದು ಹೊಸದೇನಲ್ಲ, ವಯಸ್ಸಾದಂತೆ ಜಾಸ್ತಿ. ಅವನು ಬಿಟ್ಟಿದ್ದ ಸಾಲು ಕೆಳಗಿತ್ತು: ಸಾಂದ್ರತೆ 6 ಹೌನ್ಸ್‌ಫೀಲ್ಡ್ ಯೂನಿಟ್ (ಸಿಟಿ ಸ್ಕ್ಯಾನಿನಲ್ಲಿ ಸಾಂದ್ರತೆ ಅಳೆಯುವ ಮಾನ). ಕಾಂಟ್ರಾಸ್ಟ್ ಔಷಧಿ ಚುಚ್ಚದೆ ಮಾಡಿದ ಸ್ಕ್ಯಾನಿನಲ್ಲಿ ಇದು 10 ಅಥವಾ ಕಡಿಮೆ ಇದ್ದು, ಗಡ್ಡೆ ಒಳಗೆಲ್ಲ ಒಂದೇ ಸಮ ಇದ್ದರೆ ಕ್ಯಾನ್ಸರ್ ಅಲ್ಲ ಎಂದೇ ವೈದ್ಯರು ನೋಡುತ್ತಾರೆ. ಸೂಜಿ ಚುಚ್ಚಿ ನೋಡುವುದೂ ಬೇಕಿಲ್ಲ. ಅವನು ನನ್ನ ಎದುರಿಗೇ ಗಿರಾಕಿಗೆ ಫೋನ್ ಮಾಡಿ, ಸದ್ಯಕ್ಕೆ ಮಾರಲ್ಲ ಅಂದ.

ಆದರೆ ಸುಮ್ನೆ ಬಿಟ್ಟುಬಿಡಿ ಅಂತಲೂ ನಾನು ಹೇಳಲಿಲ್ಲ. ಗಡ್ಡೆ ತಾನೇ ಹಾರ್ಮೋನ್ ಸುರಿಸುತ್ತಿದೆಯಾ ಅನ್ನುವುದೇ ಈಗಿನ ಪ್ರಶ್ನೆ. ಹಾರ್ಮೋನ್ ತಜ್ಞರ ಹತ್ತಿರ ಹೋಗಿ ಎಂದೆ. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟು, ಬೆಳಗ್ಗೆ 8ರ ಹೊತ್ತಿಗೆ ರಕ್ತದಲ್ಲಿ ಕಾರ್ಟಿಸೋಲ್ (ಅಡ್ರಿನಲ್ ಮಾಡುವ ಸ್ಟಿರಾಯ್ಡ್ ಹಾರ್ಮೋನ್) ನೋಡುತ್ತಾರೆ, ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ಸರಿ. ಬಿಪಿ ಇರುವುದರಿಂದ ಬಿಪಿಗೆ ಸಂಬಂಧಿಸಿದ ಆಲ್ಡೋಸ್ಟಿರೋನ್, ರೆನಿನ್ ಕೂಡ ರಕ್ತದಲ್ಲಿ ನೋಡಬೇಕು. ಎಲ್ಲ ಸರಿ ಇದ್ದರೆ ಆಪರೇಷನ್ ಇಲ್ಲ, ಇಂಥ ಗಡ್ಡೆಗೆ ಪದೇಪದೇ ಸ್ಕ್ಯಾನೂ ಬೇಡ. ಹಾರ್ಮೋನ್ ಜಾಸ್ತಿ ಇದ್ದರೆ ಕೆಲವರಿಗೆ ಮಾತ್ರೆ ಸಾಕು, ಕೆಲವರಿಗೆ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತುಗಳ ಆಪರೇಷನ್) ಆ ಗ್ರಂಥಿ ತೆಗೆಯುತ್ತಾರೆ. ಇನ್ನೊಂದು ಕಡೆಯದು ಕೆಲಸ ನೋಡಿಕೊಳ್ಳುತ್ತದೆ.

ಅಮ್ಮನಿಗೆ ಅವನೇ ಹೇಳಬೇಕು ಅಂತ ಹಟ ಹಿಡಿದೆ. ಮುಂದಿನ ಸಲ ಇಬ್ಬರೂ ಬಂದರು. ಹೇಳಿದ. “ಇಷ್ಟೇನಾ? ಇದಕ್ಕಾ ನೀನು ಮುಖ ಊದಿಸಿಕೊಂಡು ಓಡಾಡಿದ್ದು?” ಅಂದರು ಆಯಮ್ಮ. ಮನೆಯವರಿಂದ ಕಾಯಿಲೆ ಮುಚ್ಚಿಡುವುದು ಪ್ರೀತಿ ಅಂದುಕೊಳ್ಳುತ್ತೇವೆ, ಆದರೆ ಪರೀಕ್ಷೆಗೆ ಬೇಕಾದ ಮಾಹಿತಿ ಇರುವುದು ಅವರ ಹತ್ತಿರವೇ ಅಲ್ವಾ?

ಇಲ್ಲೂ ಹಾಗೇ ಆಯಿತು. ಬೇರೇನಾದರೂ ಔಷಧಿ ತಗೋತೀರಾ ಅಂತ ಕೇಳಿದ್ದಕ್ಕೆ ಬ್ಯಾಗಿನಿಂದ ಪೇಪರ್ ಪೊಟ್ಟಣ ತೆಗೆದರು. ಮಂಡಿ ನೋವಿಗೆ ಸಂತೆಯಲ್ಲಿ ಕೊಂಡ ಪುಡಿ. “ತಿಂದ್ರೆ ಹಸಿವು ಚೆನ್ನಾಗಾಗುತ್ತೆ ಮೇಡಂ.” ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಇದ್ದರೆ ಕಾರ್ಟಿಸೋಲ್ ಲೆಕ್ಕವೇ ಏರುಪೇರಾಗುತ್ತದೆ. ಪೊಟ್ಟಣವನ್ನು ಹಾಗೇ ಡಾಕ್ಟರಿಗೆ ತೋರಿಸಿ ಎಂದೆ. ಜೊತೆಗೆ, ಅವರನ್ನು ಕೇಳದೆ ದಿಢೀರನೆ ನಿಲ್ಲಿಸಬೇಡಿ ಅಂತಲೂ ಹೇಳಿದೆ. ಬಹಳ ದಿನ ಸ್ಟಿರಾಯ್ಡ್ ತಿಂದ ದೇಹ ತನ್ನದೇ ಕಾರ್ಟಿಸೋಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಈಗ ಆ ತಜ್ಞರು ಮೊದಲು ಪುಡಿಯ ವಿಷಯ ಸರಿಮಾಡುತ್ತಿದ್ದಾರೆ, ಮಾತ್ರೆಯ ಟೆಸ್ಟ್ ಆಮೇಲೆ.