ಬೋ ಅನ್ಬೇಕಾ, ಬೌ ಅನ್ಬೇಕಾ?

ಪ್ರಶ್ನೆ: ಮಗಳು ಏಳನೇ ಕ್ಲಾಸು. ಬಿ-ಓ-ಡಬ್ಲ್ಯೂ ಪದಕ್ಕೆ ಪ್ರಾಸ ಬರ್ಕೊಂಡು ಬನ್ನಿ ಅಂದಿದ್ರಂತೆ, ಇವಳು ‘ಕೌ’ ಅಂತ ಬರೆದಳು, ಪಕ್ಕದ ಹುಡುಗ ‘ಗೋ’ ಅಂತ ಬರೆದ, ಇಬ್ಬರಿಗೂ ರೈಟ್ ಬಿದ್ದಿದೆ. ಅದು ಹೆಂಗೆ? ಈ ಪದ ನಮ್ಮ ‘ಬಾಗು’ ಅನ್ನೋದ್ರಿಂದಲೇ ಹೋಗಿದ್ದಾ?
- ಓದುಗರೊಬ್ಬರು, ಕಾರವಾರ

ಉತ್ತರ: ಅಕ್ಕಾ, ಇಬ್ಬರದೂ ಸರಿ. ಬರೆಯೋದು ಒಂದೇ ಥರ, ಆದ್ರೆ ಪದಗಳು ಬೇರೆ ಬೇರೆ. ಬಿಲ್ಲು ಅಂದ್ರೆ ‘ಬೋ’, ಅದಕ್ಕೆ ಗೋ, ನೋ, ಸ್ನೋ ಪ್ರಾಸ. ಜಡೆಗೆ ಕಟ್ಟೋ ರಿಬ್ಬನ್ ಗಂಟೂ ಬೋ, ಪಿಟೀಲಿನ ಕಮಾನೂ ಬೋ (ಕಮಾನು ಅಂದ್ರೂ ಪಾರ್ಸಿಯಲ್ಲಿ ಬಿಲ್ಲೇ ನೋಡಿ). ತಲೆಬಾಗಿ ನಮಸ್ಕಾರ ಮಾಡೋದು ಮಾತ್ರ ‘ಬೌ’, ಅದಕ್ಕೆ ಕೌ, ನೌ, ಹೌ. ಮಕ್ಕಳಿಗೆ ನಾನು ಹೇಳಿಕೊಡೋದು ಹೀಗೆ: ಬಾಗಿರೋ ವಸ್ತು ಬೋ, ಮೈ ಬಾಗಿಸೋ ಕೆಲಸ ಬೌ. ಯಕ್ಷಗಾನದ ಅರ್ಜುನನ್ನ ನೆನಪು ಮಾಡ್ಕೊಳ್ಳಿ, ದ್ರೋಣರಿಗೆ ಬೌ ಮಾಡ್ತಾನೆ, ಆಮೇಲೆ ಬೋ ಎತ್ತುತ್ತಾನೆ.

ಹೀಗಾಗಿದ್ದು ಯಾಕೆ ಅಂದ್ರೆ, ಹಳೇ ಇಂಗ್ಲಿಷಿನಲ್ಲಿ ಬಿಲ್ಲಿಗೆ ‘ಬೊಗ’ ಅಂತಿದ್ರು, ಬಾಗೋದಕ್ಕೆ ‘ಬೂಗನ್’ ಅಂತಿದ್ರು, ಮೂಲ ಬೇರು ಒಂದೇ, ಬರ್ತಾ ಬರ್ತಾ ಎರಡರಲ್ಲೂ ಗಕಾರ ಸವೆದುಹೋಗಿ ಬರವಣಿಗೆ ಒಂದೇ ಆಯ್ತು, ಆದ್ರೆ ಒಳಗಿನ ಸ್ವರ ಬೇರೆ ಇತ್ತಲ್ಲ, ಅದು ಬೇರೆಯಾಗೇ ಉಳೀತು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದ್ವು, ಆಗ ‘ಊ’ ಹೋಗಿ ‘ಔ’ ಬಂತು. ಹಸುವಿಗೆ ಮೊದಲು ‘ಕೂ’ ಅಂತಲೇ ಅಂತಿದ್ರು, ಮನೆಗೆ ‘ಹೂಸ್’! ಕೂ ಕೌ ಆದ ದಾರಿಯಲ್ಲೇ ಬೂ ಬೌ ಆಯ್ತು, ನಿಮ್ಮ ಮಗಳ ಪ್ರಾಸ ಅಷ್ಟು ಹಳೇದು.

‘ಬಾಗು’ ವಿಷಯ. ಕೇಳೋಕೆ ಹತ್ತಿರ ಅನ್ಸತ್ತೆ, ನಂಟು ಇಲ್ಲ. ಬಾಗು ನಮ್ಮ ದ್ರಾವಿಡ ಪದ, ತಮಿಳಿನ ‘ವಾಂಗು’ ಅದರ ಒಡಹುಟ್ಟು. ಆದ್ರೆ ನಿಜವಾದ ನಂಟು ನಿಮ್ಮೂರಲ್ಲೇ ಇದೆ. ಬೈತಖೋಲ ಬಂದರಿಗೆ ಹೋದಾಗ ಸಾಲಾಗಿ ನಿಂತಿರೋ ಬೋಟುಗಳನ್ನ ಎದುರಿಂದ ನೋಡಿ, ತುದಿ ಚೂಪಾಗಿ ಅದರ ಎರಡೂ ಕಡೆ ಹಲಗೆ ಹೊರಕ್ಕೆ ಉಬ್ಬಿ ಆಳಿನ ಹೆಗಲ ಥರ ಕಾಣತ್ತೆ. ಆ ಮುಂಭಾಗಕ್ಕೂ ಇಂಗ್ಲಿಷಿನಲ್ಲಿ ‘ಬೌ’ ಅಂತಾರೆ, ಆದ್ರೆ ಇದು ಮೂರನೇ ಪದ, ಬಿಲ್ಲಿಗೂ ನಮಸ್ಕಾರಕ್ಕೂ ಸಂಬಂಧ ಇಲ್ಲದ್ದು. ಡಚ್ಚರ ಕಡೆಯ ನಾವಿಕರ ಭಾಷೆಯಿಂದ ಬಂದಿದ್ದು, ಹೆಗಲು ಅಂತಲೇ ಅರ್ಥ. ಮರದ ಕೊಂಬೆಗೆ ಹೇಳೋ ‘ಬೌ’ ಕೂಡ ಇದೇ ಕುಲ, ಅದರ ಸ್ಪೆಲಿಂಗ್ ಬೇರೆ ಅಷ್ಟೇ. ಸಂಸ್ಕೃತದ ‘ಬಾಹು’ ಇದೇ ಮನೆತನದ್ದು. ನನಗಂತೂ ಇದು ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು.

ಇನ್ನೊಂದು, ‘ಎಲ್ಬೋ’. ‘ಎಲ್’ ಅಂದ್ರೆ ಹಳೇ ಕಾಲದ ಕೈ ಅಳತೆ, ‘ಬೋ’ ಅಂದ್ರೆ ಬಾಗು. ನಾವು ಮೊಳ, ಮೊಳಕೈ ಅನ್ನಲ್ವಾ, ಭಟ್ಕಳ ಮಲ್ಲಿಗೆ ಕೊಳ್ಳುವಾಗ ಹೂವಿನವಳು ಮೊಳಕೈಯಿಂದ ಬೆರಳತುದಿವರೆಗೆ ಹಿಡೀತಾಳಲ್ಲ, ಅದೇ ಲೆಕ್ಕ.

ಪ್ರಶ್ನೆ: ಹಾಗಾದ್ರೆ ಎಲ್ಬೋಗೂ ‘ಗೋ’ ಪ್ರಾಸ ಆಗತ್ತಾ? - ಅವರೇ

ಉತ್ತರ: ಪೂರ್ತಿ ಆಗಲ್ಲ. ಇಂಗ್ಲಿಷಿನಲ್ಲಿ ಒತ್ತು ಬೀಳೋ ಸ್ವರದಿಂದ ಕೊನೆವರೆಗೆ ಹೊಂದಬೇಕು, ಎಲ್ಬೋದಲ್ಲಿ ಒತ್ತು ‘ಎಲ್’ ಮೇಲೆ. ನಮ್ಮ ಹಳೇ ಕಾವ್ಯದಲ್ಲಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ, ಅಂಕೋಲೆಯ ದಿನಕರ ದೇಸಾಯಿಯವರ ಚುಟುಕದಲ್ಲಿ ಸಾಲಿನ ಕೊನೆಗೆ. ಮಗಳಿಗೆ ದೇಸಾಯಿಯವರ ನಾಲ್ಕು ಚುಟುಕ ಬಾಯಿಪಾಠ ಮಾಡಿಸಿ, ಕಿವಿ ತಾನೇ ಪಳಗತ್ತೆ. ಆಮೇಲೆ ಇಂಗ್ಲಿಷ್ ಪದ್ಯದಲ್ಲಿ ಬಿ-ಓ-ಡಬ್ಲ್ಯೂ ಸಾಲಿನ ಕೊನೆಗೆ ಬಂದ್ರೆ ಅದರ ಜೋಡಿ ಸಾಲು ನೋಡ್ಲಿ, ಅಲ್ಲಿ ‘ಸ್ನೋ’ ಇದ್ರೆ ಬಿಲ್ಲು, ‘ನೌ’ ಇದ್ರೆ ನಮಸ್ಕಾರ ಇಲ್ಲಾ ದೋಣಿ.